ನಕಲಿ ಸುನ್ ವುಕೊಂಗ್ ಯಾರ ಮನಸ್ಸು?

ಪ್ರಶ್ನೆ:
ಬೌದ್ಧ ಸೂತ್ರಗಳನ್ನು ತರಲು ಒಬ್ಬ ಗುರು ಶಿಷ್ಯರೊಡನೆ ಚೀನಾದಿಂದ ಭಾರತಕ್ಕೆ ಹೊರಡುವ ಚೀನೀ ಕಾದಂಬರಿ ‘ಪಶ್ಚಿಮದ ಯಾತ್ರೆ’ಯನ್ನು, ಬೌದ್ಧರ ಯೋಗಾಚಾರ ಪಂಥ ಹೇಳುವ ಎಂಟು ವಿಜ್ಞಾನಗಳ (ಅರಿವಿನ ಬಗೆಗಳ) ಜೊತೆ ಇಟ್ಟು ಓದುತ್ತಿದ್ದೇನೆ. ಐದು ಇಂದ್ರಿಯಗಳ ಅರಿವು, ಆರನೆಯದು ಮನೋವಿಜ್ಞಾನ, ಏಳನೆಯದು ‘ನಾನು’ ಎಂದು ಅಂಟಿಕೊಳ್ಳುವ ಮನಸ್, ಎಂಟನೆಯದು ಬೀಜಗಳ ಕಣಜವಾದ ಆಲಯ. ಶಿಷ್ಯರಲ್ಲಿ ಕೋತಿ ವುಕೊಂಗ್ ಆರನೆಯದು, ಹಂದಿಮೂತಿಯ ಬಾಜಿಯೆ ಏಳನೆಯದು, ಜಾಸ್ತಿ ಮಾತಾಡದ ಷಾ ಸನ್ಯಾಸಿ ಎಂಟನೆಯದು ಎಂದು ಹಂಚಬಹುದು. ಹಾಗಾದರೆ ವುಕೊಂಗ್‌ನದೇ ರೂಪ ತಾಳಿ ಬರುವ ಆರು ಕಿವಿಯ ಕೋತಿಗೆ, ಆ ನಕಲಿ ವುಕೊಂಗ್‌ಗೆ, ಯಾವ ಜಾಗ?

ಉತ್ತರ 1:
ಒಬ್ಬೊಬ್ಬರಿಗೆ ಒಂದೊಂದು ಕುರ್ಚಿ ಹಾಕಬೇಡಿ. 14ನೇ ಅಧ್ಯಾಯ ನೋಡಿ. ಅಲ್ಲಿನ ಆರು ದರೋಡೆಕೋರರ ಹೆಸರಲ್ಲೇ ಕಣ್ಣು, ಕಿವಿ, ಮೂಗು, ನಾಲಿಗೆ, ದೇಹ, ಮನಸ್ಸು ಇವೆ. ವುಕೊಂಗ್ ಆರೂ ಜನರನ್ನು ಬಡಿದು ಸಾಯಿಸುತ್ತಾನೆ. ಗುರು ಬೈದ ಕೂಡಲೇ ಸಿಟ್ಟಾಗಿ ಹಾರಿಹೋಗುತ್ತಾನೆ. ಆರು ಸತ್ತವು, ‘ನನಗೇ ಬೈದರಲ್ಲ’ ಅನ್ನೋದು ಸಾಯಲಿಲ್ಲ! ಏಳನೆಯದು ಅದೇ ಅಲ್ವಾ?

56ನೇ ಅಧ್ಯಾಯದಲ್ಲಿ ಮತ್ತೆ ದರೋಡೆಕೋರರ ಕೊಲೆ, ಮತ್ತೆ ಗುರುವಿನ ಸಿಟ್ಟು. ಈ ಸಲ ಅವನನ್ನು ಓಡಿಸಿಬಿಡುತ್ತಾರೆ. ಅದರ ಬೆನ್ನಿಗೇ ನಕಲಿ ಬರುತ್ತಾನೆ. ಗುರುವನ್ನು ಹೊಡೆದು ಗಂಟು ಕದಿಯುತ್ತಾನೆ. ಸೂತ್ರಗಳನ್ನು ತಾನೊಬ್ಬನೇ ತಂದು, ಕೀರ್ತಿಯನ್ನೂ ಒಬ್ಬನೇ ಪಡೆಯುವುದು ಅವನ ಆಸೆ. ಅದಕ್ಕಾಗಿ ನಕಲಿ ಗುರು, ನಕಲಿ ಬಾಜಿಯೆ, ನಕಲಿ ಷಾ, ಕುದುರೆ ಸಮೇತ ಸಿದ್ಧ ಮಾಡಿಕೊಂಡಿದ್ದಾನೆ. ‘ನಾನು’ ತನ್ನ ಸುತ್ತ ಒಂದು ಲೋಕವನ್ನೇ ಕಟ್ಟಿಕೊಳ್ಳುವ ಪರಿ ಇದು. ನನಗಂತೂ ಇಡೀ ಕಾದಂಬರಿಯಲ್ಲಿ ಇದಕ್ಕಿಂತ ಭಯಂಕರ ರಾಕ್ಷಸನಿಲ್ಲ.

ಉತ್ತರ 2:
ಓದು ಚೆನ್ನಾಗಿದೆ, ಆದರೆ ಎಂಟರ ಲೆಕ್ಕವನ್ನು ಕಾದಂಬರಿಯ ಮೇಲೆ ಹೇರಬೇಡಿ. ಜಗಳವಾಡುತ್ತಾ ಬರುವ ಇಬ್ಬರು ವುಕೊಂಗರನ್ನು ತೋರಿಸಿ ಬುದ್ಧ ಹೇಳುವುದು ‘ಎರಡು ಮನಸ್ಸು’ ಅಂತ ಮಾತ್ರ. ಅಧ್ಯಾಯಗಳ ತಲೆಬರಹಗಳಲ್ಲಿ ದಾವೋ ರಸವಿದ್ಯೆಯ ಮಾತುಗಳೂ ಧಾರಾಳವಾಗಿವೆ. ತಮಾಷೆ ನೋಡಿ, ಕಾದಂಬರಿಯ ಗುರುವಿಗೆ ಮೂಲವಾದ ನಿಜವಾದ ಹ್ಯೂಯೆನ್‌ತ್ಸಾಂಗ್ ನಳಂದದಲ್ಲಿ ಯೋಗಾಚಾರ ಕಲಿತು, 645ರಲ್ಲಿ ಚೀನಾಕ್ಕೆ ಮರಳಿ, 659ರಲ್ಲಿ ಈ ಎಂಟು ವಿಜ್ಞಾನಗಳ ಮೇಲೇ ದೊಡ್ಡ ಗ್ರಂಥ ರಚಿಸಿದರು. 1592ರ ಕಾದಂಬರಿಯ ಗುರುವೋ, ರಾಕ್ಷಸನ ಹೆಸರು ಕೇಳಿದರೆ ಕುದುರೆಯಿಂದ ಬೀಳುತ್ತಾನೆ.

ಪ್ರಶ್ನೆ ಕೇಳಿದವರು:
ಕುರ್ಚಿ ಹಂಚುವುದನ್ನು ಬಿಟ್ಟೆ. ಆದರೆ ಉತ್ತರ 1ಕ್ಕೆ ಒಂದು ತಕರಾರು. ವುಕೊಂಗ್‌ನ ತಲೆಯ ಪಟ್ಟಿಯನ್ನು ಬಿಗಿಯುವ ಮಂತ್ರ ಹೇಳಿದರೆ ಇಬ್ಬರು ವುಕೊಂಗರಿಗೂ ತಲೆ ಸಿಡಿಯುತ್ತದೆ. ಕರುಣೆಯ ಬೋಧಿಸತ್ವ ಗ್ವಾನ್‌ಯಿನ್‌ಗೂ ಗುರುತು ಸಿಗುವುದಿಲ್ಲ. ಕೊನೆಗೆ ನಕಲಿಯನ್ನು ಬಡಿದು ಸಾಯಿಸುವವನು ವುಕೊಂಗೇ. ಮನಸ್ ಅನ್ನು ಹೊಡೆದು ಸಾಯಿಸಲಾಗದು, ಅದು ಸಮತಾಜ್ಞಾನವಾಗಿ (ನಾನು-ಇತರರು ಎಂಬ ಭೇದವಿಲ್ಲದ ಅರಿವಾಗಿ) ತಿರುಗಬೇಕು ಎನ್ನುತ್ತದೆ ಯೋಗಾಚಾರ. ಹಾಗಾದರೆ ಅಲ್ಲಿ ಗೆದ್ದದ್ದು ಯಾರು?