ಪದಚರ್ಚೆ: "ಥರ್ಮಲ್ ಥ್ರಾಟ್ಲಿಂಗ್" ಎಂಬುದಕ್ಕೆ ನಾಳೆಯೊಳಗೆ ಒಂದು ಪದ ಬೇಕಾಗಿದೆ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ತೆಳು ಮೈಯ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ವಿದ್ಯುತ್ ಬಳಕೆ, ಬಿಸಿ ಮತ್ತು ಫ್ಯಾನಿನ ವೇಗವನ್ನು ಬಳಸುವವರೇ ಹೊಂದಿಸಿಕೊಳ್ಳಲು ನೆರವಾಗುವ ತಂತ್ರಾಂಶವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಕಡತವನ್ನು ಒಪ್ಪಿಸಬೇಕು. ಬಹುಪಾಲು ಮುಗಿದಿದ್ದರೂ "ಥರ್ಮಲ್ ಥ್ರಾಟ್ಲಿಂಗ್" ಎಂಬಲ್ಲಿಗೆ ಬಂದು ಕೆಲಸ ನಿಂತಿದೆ.

ಅದರ ಅರ್ಥವನ್ನು ನಾನು ತಿಳಿದಿರುವಂತೆ ಹೇಳುತ್ತೇನೆ. ಆಟ ನಡೆಯುವಾಗ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಎರಡೂ ಒಟ್ಟಿಗೆ ದುಡಿಯುತ್ತವೆ; ಇಂಥ ಯಂತ್ರಗಳಲ್ಲಿ ಹಲವು ಸಲ ಎರಡರ ಬಿಸಿಯನ್ನೂ ಹೊರಕ್ಕೆ ಸಾಗಿಸುವ ಹೊಣೆ ಅವೇ ಹೀಟ್‌ಪೈಪುಗಳ ಮೇಲೆ ಬೀಳುತ್ತದೆ. ಒಳಗೆ ಹುಟ್ಟಿದಷ್ಟು ಬಿಸಿ ಹೊರಗೆ ಹೋಗದಿದ್ದಾಗ ಚಿಪ್ಪಿನ ತಾಪಮಾನ ಏರುತ್ತಾ ಹೋಗಿ, ತಯಾರಕರು ಗೊತ್ತುಪಡಿಸಿದ ಮಿತಿಯನ್ನು ಮುಟ್ಟುತ್ತದೆ. ಇಂಟೆಲ್‌ನ ಹಲವು ಲ್ಯಾಪ್‌ಟಾಪ್ ಪ್ರೊಸೆಸರುಗಳಲ್ಲಿ ಆ ಮಿತಿ 100 ಡಿಗ್ರಿ ಸೆಲ್ಸಿಯಸ್. ಆಗ ಚಿಪ್ ತನ್ನ ಕ್ಲಾಕ್ ವೇಗವನ್ನು, ಅಂದರೆ ಕೆಲಸದ ಲಯವನ್ನು ಇಳಿಸುತ್ತದೆ, ಆಟದಲ್ಲಿ ಪ್ರತಿ ಸೆಕೆಂಡಿಗೆ ಮೂಡುವ ಚಿತ್ರಗಳು, ಅಂದರೆ ಫ್ರೇಮ್‌ಗಳು, ಕಡಿಮೆಯಾಗುತ್ತವೆ. ಇದು ಯಂತ್ರ ಕೆಟ್ಟಿರುವುದರ ಲಕ್ಷಣವಲ್ಲ, ಕೆಡದಿರಲೆಂದು ಮಾಡಿರುವ ಏರ್ಪಾಡು. ನನ್ನ ಪದವನ್ನು ಓದಿದವರು ಗಾಬರಿಯಾಗಬಾರದು.

ಪದ ಬೇಕಾಗಿರುವುದು ಎರಡು ಕಡೆ. ಒಂದು, ಪರದೆಯ ಮೂಲೆಯಲ್ಲಿ ಕಾಣಿಸುವ ಸೂಚನೆಯಲ್ಲಿ; ಅಲ್ಲಿ ಪೂರ್ತಿ ವಾಕ್ಯಕ್ಕೆ ಜಾಗವಿದೆ. ಇನ್ನೊಂದು, ಏರಿಳಿತ ತೋರಿಸುವ ನಕ್ಷೆಯ ಕೆಳಗಿನ ಪಟ್ಟಿಯಲ್ಲಿ. ಅಲ್ಲಿ ಎರಡು ಚಿಕ್ಕ ಪದಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಅದರ ಪಕ್ಕದಲ್ಲೇ "ಪವರ್ ಲಿಮಿಟ್ ಥ್ರಾಟ್ಲಿಂಗ್" (ವಿದ್ಯುತ್ ಬಳಕೆ ತನ್ನ ಮಿತಿ ಮುಟ್ಟಿದಾಗ ವೇಗ ಇಳಿಸುವುದು) ಎಂಬ ಇನ್ನೊಂದು ಸಾಲೂ ಬರುವುದರಿಂದ, ಎರಡಕ್ಕೂ ಹೊಂದುವ ಒಂದೇ ಬುಡದ ಪದ ಸಿಕ್ಕಿದರೆ ಉಪಕಾರವಾಗುತ್ತದೆ.

— ತಂತ್ರಾಂಶ ಅನುವಾದಕಿ

*

ಉಷ್ಣ ನಿಯಂತ್ರಣ. ವಿದ್ಯುತ್ತಿನದಕ್ಕೆ ಸಾಮರ್ಥ್ಯ ನಿಯಂತ್ರಣ. ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ.

— ನಿವೃತ್ತ ಕನ್ನಡ ಅಧ್ಯಾಪಕ

*

ಮೇಷ್ಟ್ರೇ, ಚರ್ಚಿಸುವಂಥದ್ದು ಬಹಳ ಇದೆ. ಫ್ಯಾನು ಜೋರಾಗಿ ತಿರುಗುವುದೂ ಉಷ್ಣ ನಿಯಂತ್ರಣವೇ, ಹೀಟ್‌ಪೈಪೂ ಉಷ್ಣ ನಿಯಂತ್ರಣವೇ, ಚಿಪ್ಪಿಗೂ ಲೋಹಕ್ಕೂ ನಡುವೆ ಹಚ್ಚುವ ಪೇಸ್ಟ್ ಕೂಡ ಅದೇ. ಅವು ಯಾವುವೂ ಸಾಲದಾದಾಗ ಬಿಸಿಯ ಹುಟ್ಟನ್ನೇ ಕಡಿಮೆ ಮಾಡಲು ಚಿಪ್ ವೇಗವನ್ನು ಬಿಟ್ಟುಕೊಡುತ್ತದೆ. ಪದ ಹೇಳಬೇಕಾದದ್ದು ಆ ಬಿಟ್ಟುಕೊಡುವಿಕೆಯನ್ನು.

"ಸಾಮರ್ಥ್ಯ ನಿಯಂತ್ರಣ" ಇನ್ನೂ ಅಪಾಯದ್ದು. ಭೌತವಿಜ್ಞಾನದ ಪಾಠದಲ್ಲಿ ಪವರ್ ಎಂದರೆ ಸಾಮರ್ಥ್ಯ, ಎನರ್ಜಿ ಎಂದರೆ ಶಕ್ತಿ ಎಂದು ಕಲಿತಿರುತ್ತೇವೆ, ಸರಿ. ಆದರೆ ಪಾಠದ ಹೊರಗೆ ಸಾಮರ್ಥ್ಯ ಎಂದರೆ ಯಾರಿಗಾದರೂ ಹೊಳೆಯುವುದು ಯಂತ್ರದ ಕಸುವು. ಈ ತಂತ್ರಾಂಶದಲ್ಲಿ ಎಷ್ಟು ವ್ಯಾಟ್ ಬಳಸಬೇಕು ಎಂಬುದು ಒಂದು ಸಾಲು, ಎಷ್ಟು ಚುರುಕಾಗಿ ಕೆಲಸ ಮಾಡಬೇಕು ಎಂಬುದು ಇನ್ನೊಂದು ಸಾಲು. ಮೊದಲನೆಯದನ್ನು ಸಾಮರ್ಥ್ಯ ಎಂದು ಬರೆದರೆ ಓದುವವರು ಎರಡನೆಯದೆಂದೇ ತಿಳಿಯುತ್ತಾರೆ. ಇವು ಒಂದರ ಜೊತೆಗೊಂದು ನೇರವಾಗಿ ಏರಿಳಿಯುವುದೂ ಇಲ್ಲ: ಎನ್ವಿಡಿಯಾದ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪನ್ನು 35 ವ್ಯಾಟ್‌ನಿಂದ 115 ವ್ಯಾಟ್ ವರೆಗೆ ಬೇರೆ ಬೇರೆ ಮಿತಿಗಳಲ್ಲಿ ಕೂರಿಸುತ್ತಾರೆ, ಹೆಸರು ಒಂದೇ, ಮಿತಿ ಮೂರು ಪಟ್ಟಿಗೂ ಹೆಚ್ಚು, ಆದರೂ ಆಟದ ವೇಗ ಮೂರು ಪಟ್ಟು ಆಗುವುದಿಲ್ಲ. ಮೇಲಿನ ವ್ಯಾಟ್‌ಗಳು ಕೊಡುವ ಲಾಭ ಕಡಿಮೆ, ತರುವ ಬಿಸಿ ಹೆಚ್ಚು. ತೆಳು ಯಂತ್ರವನ್ನು ಚೆನ್ನಾಗಿ ನಡೆಸುವುದೆಂದರೆ ಈ ಅಂತರವನ್ನು ಅರಿತು ನಡೆಸುವುದು. ಆದ್ದರಿಂದ ಆ ಎರಡು ಪದಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ನೋಡಿಕೊಳ್ಳಿ.

— ಯಂತ್ರಾಂಶ ಎಂಜಿನಿಯರ್

*

ಉಷ್ಣ, ತಾಪ, ನಿಯಂತ್ರಣ, ಸಾಮರ್ಥ್ಯ: ಒಂದೂ ಕನ್ನಡವಲ್ಲ. ನಮ್ಮಲ್ಲಿ "ಕಾವು" ಇರುವಾಗ ಎರವಲಿಗೆ ಏಕೆ ಕೈಯೊಡ್ಡಬೇಕು? ಬಿಸಿಯಾಗು ಎಂಬ ಅರ್ಥದ "ಕಾಯ್" ಎಂಬ ಬೇರಿನಿಂದ ಬಂದದ್ದು ಕಾವು. ತಮಿಳಿನ "ಕಾಯ್", ತೆಲುಗಿನ "ಕಾಗು" ಇದರ ಒಡಹುಟ್ಟುಗಳು. "ಶಾಖ" ಎಂದು ಯಾರಾದರೂ ಹೇಳುವ ಮೊದಲೇ ತಿಳಿಸುತ್ತೇನೆ: ಸಂಸ್ಕೃತದ "ಶಾಖಾ" ಎಂದರೆ ಕೊಂಬೆ, ಅದಕ್ಕೂ ಬಿಸಿಗೂ ನಂಟಿಲ್ಲ.

ಇನ್ನು, ಪೊರೆ ಎಂಬ ಅರ್ಥದ ಇನ್ನೊಂದು "ಕಾಯ್" ಇದೆ; ಅದರಿಂದ ಕಾಪು, ಕಾವಲು. ಅನುವಾದಕಿಯವರೇ ಇದು ಕೆಡದಿರಲೆಂದು ಮಾಡಿದ ಏರ್ಪಾಡು ಎಂದಿದ್ದಾರೆ. ಕಾವಿನಿಂದ ಕಾಪು, ಕಾವುಗಾಪು. ಎರಡು ಬೇರುಗಳೂ ಒಂದೇ ಉಲಿಯಲ್ಲಿ ಕೂಡಿವೆ. ಇದಕ್ಕಿಂತ ತಕ್ಕ ಪದ ಸಿಗಲಾರದು.

— ಅಚ್ಚಗನ್ನಡದ ಓದುಗ

*

ಪದ ಚೆನ್ನಾಗಿದೆ, ಆದರೆ ಇಲ್ಲಿಗೆ ಸಲ್ಲುವುದಿಲ್ಲ. ಮಿತಿಯನ್ನೂ ಮೀರಿ ಬಿಸಿ ಏರಿದರೆ ಯಂತ್ರ ಇದ್ದಕ್ಕಿದ್ದಂತೆ ತನ್ನನ್ನು ಪೂರ್ತಿ ಆರಿಸಿಕೊಳ್ಳುತ್ತದೆ. ಅದೂ ಕಾವುಗಾಪೇ. ಎರಡಕ್ಕೂ ಒಂದೇ ಹೆಸರಿಟ್ಟರೆ, ಫ್ರೇಮ್ ಸ್ವಲ್ಪ ಕಡಿಮೆಯಾದದ್ದಕ್ಕೂ ಯಂತ್ರ ಆರಿಹೋದದ್ದಕ್ಕೂ ವ್ಯತ್ಯಾಸ ಹೇಳುವುದು ಹೇಗೆ? ವಿದ್ಯುತ್ ಮಿತಿಯ ಸಾಲಿಗೂ ಇದು ಒದಗುವುದಿಲ್ಲ.

— ಯಂತ್ರಾಂಶ ಎಂಜಿನಿಯರ್

*

ನೀವೆಲ್ಲರೂ ಇಲ್ಲದ ತೊಡಕನ್ನು ಕಟ್ಟುತ್ತಿದ್ದೀರಿ. "ಥ್ರಾಟ್ಲಿಂಗ್" ಎಂದೇ ಬರೆಯಿರಿ. ಇಂಗ್ಲಿಷಿನಲ್ಲೂ ಅದು ಹುಟ್ಟುಪದವಲ್ಲ, ಹೊತ್ತು ತಂದ ಅರ್ಥ: ಗಂಟಲು ಎಂಬ ಪದಕ್ಕೆ ನಂಟಿನ, ಕತ್ತು ಹಿಸುಕು ಎಂಬ ಕ್ರಿಯಾಪದ, ಮುಂದೆ ಅದು ಉಗಿಯಂತ್ರದಲ್ಲಿ ಉಗಿಯ ಹರಿವನ್ನು ಹಿಡಿದಿಡುವ ಕವಾಟದ ಹೆಸರಾಯಿತು, ಈಗ ಚಿಪ್ಪಿಗೆ ಬಂದಿದೆ. ಮೂಲದ ಅರ್ಥವನ್ನು ಬೆನ್ನುಹತ್ತಿದರೆ ಕತ್ತು ಹಿಸುಕುವಿಕೆ ಎನ್ನಬೇಕಾಗುತ್ತದೆ. ಪ್ರೊಸೆಸರ್, ಗ್ರಾಫಿಕ್ಸ್, ಫ್ಯಾನ್, ಲ್ಯಾಪ್‌ಟಾಪ್ ಎಲ್ಲವನ್ನೂ ಹಾಗೆಯೇ ಇಟ್ಟುಕೊಂಡು ಈ ಒಂದರ ಮೇಲೆ ಮಾತ್ರ ಏಕೆ ಈ ಹಟ? ವ್ಯಾಟ್ ಎಂಬುದು ಜೇಮ್ಸ್ ವ್ಯಾಟ್‌ನ ಹೆಸರು, ಅದನ್ನು ಯಾರೂ ಅನುವಾದಿಸಲಿಲ್ಲ. ಕುರ್ಚಿ, ಚಾವಿ ಎಲ್ಲಿಂದ ಬಂದವೆಂದು ಕೇಳಿ ಯಾರೂ ಅವನ್ನು ಮನೆಯಿಂದ ಹೊರಗಿಡಲಿಲ್ಲ.

— ಪತ್ರಿಕಾ ಬರಹಗಾರ

*

ಕುರ್ಚಿಯೂ ಚಾವಿಯೂ ವಸ್ತುಗಳು. ವಸ್ತು ಬಂದಾಗ ಹೆಸರೂ ಬಂತು. ಇಲ್ಲಿರುವುದು ಕ್ರಿಯೆ. ಕ್ರಿಯೆಯನ್ನು ಎರವಲು ತಂದರೆ ಅದರ ಹಿಂದೆ "ಮಾಡು" ಎಂಬುದನ್ನು ಅಂಟಿಸದೆ ಒಂದು ವಾಕ್ಯವನ್ನೂ ನಡೆಸಲಾಗುವುದಿಲ್ಲ. ಥ್ರಾಟಲ್ ಮಾಡು, ಬೂಸ್ಟ್ ಮಾಡು, ಲಿಮಿಟ್ ಮಾಡು: ಕೊನೆಗೆ ಕನ್ನಡದಲ್ಲಿ ಉಳಿಯುವ ಕ್ರಿಯಾಪದ ಮಾಡು ಒಂದೇ. ಎರವಲಿನ ಬಗ್ಗೆ ನನ್ನ ತಕರಾರು ಇಷ್ಟೇ, ಇದನ್ನು ಇಲ್ಲಿ ಹಲವು ಬಾರಿ ಬರೆದಿದ್ದೇನೆ.

— ಅಚ್ಚಗನ್ನಡದ ಓದುಗ

*

ಅಚ್ಚಗನ್ನಡದವರಿಗೂ ಪತ್ರಿಕೆಯವರಿಗೂ ನನ್ನದೊಂದೇ ಮಾತು. ಮುಂದೆ ಯಾರಾದರೂ "ವೇಗತಗ್ಗಿಕೆ", "ವೇಗಕಡಿತ" ಎಂದು ಹೊರಟರೆ ಅದು ಅರಿಸಮಾಸ. ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಸಮಾಸ ಸಲ್ಲದು ಎಂಬುದು ಕೇಶಿರಾಜನ ಕಾಲದಿಂದ ನಿಂತಿರುವ ನಿಯಮ. ನಿಯಮವೇ ಬೇಡವೆನ್ನುವವರು ಪದ ಕಟ್ಟುವ ಕೆಲಸಕ್ಕೆ ಕೈ ಹಾಕಬಾರದು.

— ನಿವೃತ್ತ ಕನ್ನಡ ಅಧ್ಯಾಪಕ

*

ಮೇಷ್ಟ್ರೇ, ಅದೇ ವ್ಯಾಕರಣದ ಆಧಾರದ ಮೇಲೆ ನನ್ನ ವಿನಂತಿಯನ್ನು ಮುಂದಿಡುತ್ತೇನೆ. ಹಿಂದಿನ ಕವಿಗಳ ಬಳಕೆಯಲ್ಲಿ ನಿಂತಿರುವುದನ್ನೂ ಬಿರುದುಗಳಲ್ಲಿ ಬರುವುದನ್ನೂ ಕೇಶಿರಾಜನೇ ಹೊರತಾಗಿ ಒಪ್ಪಿದ್ದಾನೆ. ಕ್ರಿಯಾಸಮಾಸದಲ್ಲೂ ಗಮಕಸಮಾಸದಲ್ಲೂ ಅರಿಸಮಾಸ ದೋಷವಲ್ಲ ಎಂದು ನೀವೇ ತರಗತಿಗಳಲ್ಲಿ ಕಲಿಸಿರುತ್ತೀರಿ. ವೇಗವನ್ನು ತಗ್ಗಿಸು ಎಂಬುದು "ವೇಗತಗ್ಗಿಸು" ಆದರೆ ಅದು ಕ್ರಿಯಾಸಮಾಸ. ಆದ್ದರಿಂದ ನಿಯಮ ನಮ್ಮನ್ನು ತಡೆಯುತ್ತಿಲ್ಲ. ನಾಮಪದವನ್ನು ಬಿಟ್ಟು ಕ್ರಿಯಾಪದವನ್ನು ಹಿಡಿಯಿರಿ ಎಂದು ದಾರಿ ತೋರಿಸುತ್ತಿದೆ.

ಇದು ವ್ಯಾಕರಣಕ್ಕಷ್ಟೇ ಸೇರಿದ ಸಂಗತಿಯಲ್ಲ. "ತಗ್ಗಿಕೆ", "ಇಳಿಕೆ" ಎಂಬ ನಾಮಪದಗಳು ತಗ್ಗು, ಇಳಿ ಎಂಬ ಅಕರ್ಮಕ ಧಾತುಗಳಿಂದ ಬಂದವು. ವೇಗ ತಾನಾಗಿ ಕುಸಿಯಿತು, ಏನೋ ಕೆಟ್ಟಿದೆ ಎಂಬ ಭಾವವನ್ನು ಅವು ಕೊಡುತ್ತವೆ. ಅನುವಾದಕಿಯವರು ಹೆದರುತ್ತಿರುವುದು ಇದಕ್ಕೇ. ತಗ್ಗಿಸು ಎಂಬ ಸಕರ್ಮಕ ರೂಪದಲ್ಲಿ ಮಾಡುವವರೊಬ್ಬರು ಇದ್ದಾರೆ. ಅದಕ್ಕೆ "ಕೊಳ್ಳು" ಸೇರಿಸಿದರೆ, ಮಾಡಿದ್ದು ತನಗಾಗಿ ಎಂಬುದೂ ಬರುತ್ತದೆ: ಪ್ರೊಸೆಸರ್ ತನ್ನ ವೇಗವನ್ನು ತಗ್ಗಿಸಿಕೊಂಡಿದೆ. ಯಂತ್ರ ಕೆಟ್ಟಿಲ್ಲ, ತನ್ನನ್ನು ಕಾಪಾಡಿಕೊಳ್ಳಲು ಹೀಗೆ ಮಾಡಿದೆ ಎಂಬ ಇಡೀ ವಿವರಣೆಯನ್ನು ಆ ಒಂದು ಪ್ರತ್ಯಯದಂಥ ಕ್ರಿಯಾಪದ ಹೊತ್ತುಕೊಳ್ಳುತ್ತದೆ. "ತಗ್ಗಿಸಲಾಗಿದೆ" ಎಂದು ದಯವಿಟ್ಟು ಬರೆಯಬೇಡಿ. ಕಚೇರಿಯ ಸುತ್ತೋಲೆಯ ಆ ಕರ್ಮಣಿ ಪ್ರಯೋಗದಲ್ಲಿ ಯಾರು ತಗ್ಗಿಸಿದರು ಎಂಬುದೇ ಮರೆಯಾಗುತ್ತದೆ.

ಇದೇ ಭೇದ "ಅಂಡರ್‌ವೋಲ್ಟಿಂಗ್", ಅಂದರೆ ಚಿಪ್ಪಿಗೆ ಕೊಡುವ ವೋಲ್ಟೇಜನ್ನು ಕಡಿಮೆ ಮಾಡುವುದು, ಎಂಬಲ್ಲಿಯೂ ಬರುತ್ತದೆ. "ವೋಲ್ಟೇಜ್ ಇಳಿಕೆ" ಎಂದರೆ ತಂತಿಯಲ್ಲಿ ಹರಿಯುವಾಗ ತಾನಾಗಿ ಆಗುವ ನಷ್ಟವೆಂದು ಓದುತ್ತಾರೆ; ಬೇಕೆಂದೇ ಮಾಡುವುದಕ್ಕೆ "ವೋಲ್ಟೇಜ್ ಇಳಿಸುವಿಕೆ" ಎನ್ನಬೇಕು.

— ವ್ಯಾಕರಣದ ವಿದ್ಯಾರ್ಥಿನಿ

*

ಇದು ಸರಿಯಾಗಿದೆ. ವೋಲ್ಟೇಜಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಅಲ್ಲಿ ಪದ ತಪ್ಪಿದರೆ ಜನ ಅದನ್ನು ಮುಟ್ಟಲು ಹೆದರುತ್ತಾರೆ. ಚಿಪ್ಪಿನ ಒಳಗಿನ ಸ್ವಿಚ್‌ಗಳು ತೆರೆದು ಮುಚ್ಚುವುದಕ್ಕೆ ಖರ್ಚಾಗುವ ವಿದ್ಯುತ್ತು ಕ್ಲಾಕ್ ವೇಗಕ್ಕೆ ನೇರ ಅನುಪಾತದಲ್ಲಿ, ಆದರೆ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ವೇಗವನ್ನು ಹಾಗೆಯೇ ಇಟ್ಟು ವೋಲ್ಟೇಜನ್ನು ಶೇಕಡಾ 10ರಷ್ಟು ಇಳಿಸಿದರೆ ಆ ಖರ್ಚು ಸುಮಾರು ಶೇಕಡಾ 19ರಷ್ಟು ಕಡಿಮೆಯಾಗುತ್ತದೆ. ಅಂದರೆ ವೋಲ್ಟೇಜ್ ಇಳಿಸುವುದು ವೇಗ ಬಿಟ್ಟುಕೊಡುವುದಲ್ಲ. ವೇಗ ಬಿಟ್ಟುಕೊಡಬೇಕಾದ ಸಂದರ್ಭವನ್ನು ದೂರ ತಳ್ಳುವುದು. ಮಿತಿಮೀರಿ ಇಳಿಸಿದರೆ ಯಂತ್ರ ಆಟದ ನಡುವೆ ನಿಂತುಹೋಗುತ್ತದೆ, ಅಷ್ಟೆ. 2019ರಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಯಲಾದ ಮೇಲೆ ಇಂಟೆಲ್‌ನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆಗೆ ಬೀಗ ಬಿದ್ದಿದೆ, ಆದ್ದರಿಂದ ಎಲ್ಲರಿಗೂ ಆ ಸಾಲು ಕಾಣಿಸಲಾರದು.

ನಕ್ಷೆಯ ಪಟ್ಟಿಗೆ "ಕಡಿತ" ಬಳಸಬಹುದು. ವೇತನ ಕಡಿತ ಎಂದರೆ ಯಾರೋ ಬೇಕೆಂದೇ ಕಡಿದದ್ದು ಎಂದೇ ಎಲ್ಲರೂ ಓದುತ್ತಾರೆ. ಒಂದು ಎಚ್ಚರಿಕೆ: ಎರಡನೆಯ ಸಾಲನ್ನು ಯಾವ ಕಾರಣಕ್ಕೂ "ವಿದ್ಯುತ್ ಕಡಿತ" ಎಂದು ಬರೆಯಬೇಡಿ. ಓದಿದವರು ಗೋಡೆಯ ಸ್ವಿಚ್ ನೋಡಲು ಏಳುತ್ತಾರೆ.

— ಯಂತ್ರಾಂಶ ಎಂಜಿನಿಯರ್

*

"ವೇಗ ಕಡಿತ" ತತ್ಪುರುಷ. ಅಲ್ಲಿ ಕ್ರಿಯಾಸಮಾಸದ ಹೊರತು ಸಲ್ಲುವುದಿಲ್ಲ. ಕ್ರಿಯಾಪದದ ವಾಕ್ಯಕ್ಕೆ ನನ್ನ ಒಪ್ಪಿಗೆಯಿದೆ.

— ನಿವೃತ್ತ ಕನ್ನಡ ಅಧ್ಯಾಪಕ

*

ಎಲ್ಲರಿಗೂ ವಂದನೆಗಳು. ಕಡತವನ್ನು ಈಗ ಮುಗಿಸುತ್ತಿದ್ದೇನೆ. ಆಯ್ದುಕೊಂಡದ್ದನ್ನೂ ಕಾರಣವನ್ನೂ ಬರೆದಿಡುತ್ತೇನೆ.

ಸೂಚನೆ ಹೀಗಿರುತ್ತದೆ: "ಬಿಸಿ ಮಿತಿಯನ್ನು ಮುಟ್ಟಿರುವುದರಿಂದ ಪ್ರೊಸೆಸರ್ ತನ್ನ ವೇಗವನ್ನು ತಗ್ಗಿಸಿಕೊಂಡಿದೆ." ಕಾವು ನನಗೂ ಇಷ್ಟದ ಪದವೇ. ಆದರೆ ಕೈಯಲ್ಲಿರುವ ಯಂತ್ರವನ್ನು ಕುರಿತು ಜನ ಆಡುವ ಮಾತು ಬಿಸಿಯಾಗಿದೆ ಎಂಬುದು. ಬಿಸಿಯೂ ಕನ್ನಡದ್ದೇ ಆದುದರಿಂದ ಅಚ್ಚಗನ್ನಡದವರಿಗೆ ಬೇಸರವಾಗಲಾರದು ಎಂದುಕೊಂಡಿದ್ದೇನೆ. ಎರಡನೆಯ ಸೂಚನೆಯಲ್ಲಿ "ಬಿಸಿ" ಇರುವಲ್ಲಿ "ವಿದ್ಯುತ್ ಬಳಕೆ" ಬರುತ್ತದೆ, ಉಳಿದದ್ದು ಹಾಗೆಯೇ. ಕಾರಣ ಬೇರೆ, ಕ್ರಿಯೆ ಒಂದೇ ಎಂಬುದು ಓದಿದ ಕೂಡಲೇ ತಿಳಿಯುತ್ತದೆ.

ಪಟ್ಟಿಯಲ್ಲಿ "ವೇಗದ ಕಡಿತ" ಎಂಬ ತಲೆಬರಹವನ್ನು ಒಮ್ಮೆ ಬರೆದು, ಅದರ ಕೆಳಗೆ "ಬಿಸಿ", "ವಿದ್ಯುತ್ ಮಿತಿ" ಎಂಬ ಎರಡು ಸಾಲುಗಳನ್ನು ಇಡುತ್ತೇನೆ. ಷಷ್ಠಿ ವಿಭಕ್ತಿ ಉಳಿದಿರುವುದರಿಂದ ಅಲ್ಲಿ ಸಮಾಸವೇ ಇಲ್ಲ, ಮೇಷ್ಟ್ರು ಒಪ್ಪಬೇಕು.

ತಂತ್ರಾಂಶದಲ್ಲಿ ಬಳಸುವವರು ಆಯ್ದುಕೊಳ್ಳುವ ಮೂರು ವಿಧಾನಗಳ ಹೆಸರನ್ನೂ ಇದೇ ಜಾಡಿನಲ್ಲಿ ಬದಲಿಸಿದ್ದೇನೆ. ಮೊದಲು "ಕಾರ್ಯಕ್ಷಮತೆ ವಿಧಾನ" ಎಂದು ಬರೆದಿದ್ದೆ. ಹಲವರು ಆ ಪದವನ್ನು ಕಡಿಮೆ ಖರ್ಚಿನಲ್ಲಿ ಹೆಚ್ಚು ಕೆಲಸ ಎಂಬ ಅರ್ಥದಲ್ಲೂ ಬಳಸುತ್ತಾರೆ. ಈ ವಿಧಾನ ಮಾಡುವುದು ಅದಕ್ಕೆ ತೀರ ವಿರುದ್ಧ, ವ್ಯಾಟ್‌ಗಳನ್ನು ಧಾರಾಳವಾಗಿ ಸುರಿದು ಫ್ಯಾನನ್ನು ಜೋರಾಗಿ ಓಡಿಸುತ್ತದೆ. ಈಗ "ಹೆಚ್ಚು ವೇಗ", "ಸಮತೋಲ", "ಕಡಿಮೆ ಸದ್ದು" ಎಂದಿಟ್ಟಿದ್ದೇನೆ. ಪದಗಳು ಸಾಧಾರಣವಾದವು, ಒತ್ತಿದರೆ ಏನಾಗುತ್ತದೆಂದು ಹೇಳುತ್ತವೆ. ಬ್ಯಾಟರಿಯ ಭಾಗದಲ್ಲಿ ವ್ಯಾಟ್ ಮತ್ತು ವ್ಯಾಟ್-ಗಂಟೆಯನ್ನು ಬೇರೆ ಬೇರೆಯಾಗಿಯೇ ಉಳಿಸಿದ್ದೇನೆ. ಒಂದು ಖರ್ಚಿನ ರಭಸ, ಇನ್ನೊಂದು ಕೂಡಿಟ್ಟದ್ದರ ಮೊತ್ತ, ಎರಡನ್ನೂ ಶಕ್ತಿ ಎಂದು ಬರೆದಿರುವ ಅನುವಾದಗಳನ್ನು ನೋಡಿ ನೊಂದಿದ್ದೇನೆ.

— ತಂತ್ರಾಂಶ ಅನುವಾದಕಿ

*

"ವೇಗದ ಕಡಿತ" ನಿರ್ದುಷ್ಟವಾಗಿದೆ.

— ನಿವೃತ್ತ ಕನ್ನಡ ಅಧ್ಯಾಪಕ

*

ಬಿಸಿಗೆ ನನ್ನ ಒಪ್ಪಿಗೆ. "ವಿದ್ಯುತ್" ಎಂಬುದಕ್ಕೆ ಇಲ್ಲ. ಅದನ್ನು ಬೇರೆ ಎಳೆಯಲ್ಲಿ ಎತ್ತುತ್ತೇನೆ. ಯಂತ್ರ ಪೂರ್ತಿ ಆರಿಕೊಳ್ಳುವ ಏರ್ಪಾಡಿಗೆ ಇನ್ನೂ ಹೆಸರಿಟ್ಟಿಲ್ಲವಾದರೆ ಕಾವುಗಾಪನ್ನು ಅಲ್ಲಿ ಬಳಸಿ.

— ಅಚ್ಚಗನ್ನಡದ ಓದುಗ