ಪುಟ್ಟಿಯ ಭಾಷಣಕ್ಕೆ ನಾಲ್ಕು ಮುಖ್ಯಮಂತ್ರಿಗಳು ಸಾಕಾಗಲ್ಲ

ಭಾವ, ನೀವು ಗ್ರೂಪಿಗೆ ಹಾಕಿದ ಪಟ್ಟಿ ನೋಡಿದೆ. ಪುಟ್ಟಿ ರಾಜ್ಯೋತ್ಸವದ ದಿನ ಶಾಲೆಯಲ್ಲಿ ‘ನಮ್ಮ ಜಿಲ್ಲೆಯ ಮಹನೀಯರು’ ಅಂತ ಮಾತಾಡಬೇಕು, ಅದಕ್ಕೆ ನೀವು ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ, ನಾಲ್ಕು ಮುಖ್ಯಮಂತ್ರಿಗಳನ್ನು ಕೊಟ್ಟ ಜಿಲ್ಲೆ ನಮ್ಮ ಶಿವಮೊಗ್ಗ ಅಂತ ಬರೆದು ಕಳಿಸಿದ್ದೀರಿ. ಸುಳ್ಳೇನಲ್ಲ. ಆದರೆ ಬರೀ ಕುರ್ಚಿ ಲೆಕ್ಕ ಹೇಳಿದರೆ ಮಕ್ಕಳು ಆಕಳಿಸುತ್ತಾರೆ ಅಲ್ವಾ? ನನ್ನ ಕೇಳಿದರೆ ಭತ್ತ ಅಳೆಯುವ ಕೊಳಗದಿಂದ ಶುರು ಮಾಡಲಿ.

ಸಾಗರ ತಾಲ್ಲೂಕಿನ ಕಾಗೋಡು, 1951. ಬೇರೆಯವರ ಜಮೀನು ಉಳುವ ಗೇಣಿ ರೈತರು ಜಮೀನಿನ ಒಡೆಯರಿಗೆ ಭತ್ತ ಅಳೆದು ಕೊಡಬೇಕು. ಅಳೆಯುವ ಕೊಳಗ ಒಡೆಯರದ್ದೇ, ಅದೂ ಇರಬೇಕಾದ್ದಕ್ಕಿಂತ ದೊಡ್ಡದು. ಮಾತಿಗೆ ಇಷ್ಟು ಗೇಣಿ ಅಂತ ಇದ್ದರೂ ಕಣದಿಂದ ಹೋಗುತ್ತಿದ್ದದ್ದು ಜಾಸ್ತಿ. ಸರಿಯಾದ ಕೊಳಗದಲ್ಲಿ ಅಳೆಯಿರಿ ಅಂತ ಕೇಳಿದ್ದೇ ಜಗಳವಾಯಿತು, ಜಮೀನಿಗೇ ಇಳಿಯಬೇಡಿ ಅಂದರು, ಆಗ ಗೇಣಿ ಮಾಡುತ್ತಿದ್ದ ದೀವರ ಸಮುದಾಯದ ಜನ ನೇಗಿಲು ಹಿಡಿದು ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿದುಕೊಂಡು ಹೋಗುವುದು, ಮಾರನೇ ದಿನ ಇನ್ನೊಂದು ತಂಡ ಇಳಿಯುವುದು, ಹೀಗೆ ನಡೆಯಿತು. ಮುಂದೆ ನಿಂತವರು ಎಚ್. ಗಣಪತಿಯಪ್ಪ. ಸಮಾಜವಾದಿಗಳು ಜೊತೆಗೆ ಬಂದರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಅರೆಸ್ಟ್ ಆದರು. ಗಣಪತಿಯಪ್ಪನವರ ಹೆಸರು ನಿಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ, ನನಗೆ ಬೇಜಾರಾಗಿದ್ದು ಅದಕ್ಕೇ.

ಶಾಂತವೇರಿ ಗೋಪಾಲಗೌಡರೂ ಇಲ್ಲ! ಶಿವಮೊಗ್ಗದಲ್ಲಿ ಗೋಪಾಲಗೌಡ ಬಡಾವಣೆಗೆ ಆಟೋ ಹತ್ತುವವರಲ್ಲಿ ಎಷ್ಟು ಜನಕ್ಕೆ ಅವರು ಯಾರು ಅಂತ ಗೊತ್ತಿದೆಯೋ. ಹುಟ್ಟಿದ್ದು 1923ರಲ್ಲಿ, ಕಾಗೋಡು ಹೋರಾಟದಲ್ಲಿದ್ದವರು, 1952ರಲ್ಲೇ ವಿಧಾನಸಭೆಗೆ ಹೋದರು. ರಾಜ್ಯಕ್ಕೆ ಕರ್ನಾಟಕ ಅಂತಲೇ ಹೆಸರಿಡಿ ಅಂತ ಅಲ್ಲಿ ವಾದ ಮಾಡಿದರು. ಹೆಸರು ಬಂದದ್ದು 1973ರಲ್ಲಿ, ಅವರು ತೀರಿಕೊಂಡದ್ದು 1972ರಲ್ಲಿ. ಉಳುವವನಿಗೇ ಭೂಮಿ ಅಂದ ದೇವರಾಜ ಅರಸು ಕಾಲದ ಭೂಸುಧಾರಣೆ 1974ರದ್ದು, ಅದನ್ನೂ ನೋಡಲಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇವತ್ತು ಪಹಣಿಯಲ್ಲಿ ಹೆಸರಿದೆ ಅಂದರೆ ಆಗ ಉಳುವ ಜಮೀನು ನಮಗೆ ಕೊಡಿ ಅಂತ ಡಿಕ್ಲರೇಷನ್ ಅರ್ಜಿ ಹಾಕಿದ್ದರಿಂದ. ರಾಜ್ಯೋತ್ಸವದ ದಿನ ಮಾತಾಡೋಕೆ ಇದಕ್ಕಿಂತ ಇನ್ನೇನು ಬೇಕು?

ಮಂಜಪ್ಪನವರು ಇರಲಿ, ಖಂಡಿತ ಇರಲಿ. ಆದರೆ ಮುಖ್ಯಮಂತ್ರಿ ಅಂತ ಅಲ್ಲ. ಅವರು ಆ ಕುರ್ಚಿಯಲ್ಲಿದ್ದದ್ದು 1956ರ ಆಗಸ್ಟ್‌ನಿಂದ ಅಕ್ಟೋಬರ್ ಕೊನೆವರೆಗೆ, ಅಷ್ಟೇ. ಅದಕ್ಕೂ ಮೊದಲು ಕಂದಾಯ ಮಂತ್ರಿಯಾಗಿ ಗೇಣಿ ಕಾನೂನು ತಂದರಲ್ಲ, ಅದನ್ನು ಹೇಳಲಿ. ಪಟೇಲರ ಬಗ್ಗೆ ಹೇಳುವುದಾದರೆ 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ್ದು ಸಾಕು. ಅಂದ ಹಾಗೆ ಅವರು ಮುಖ್ಯಮಂತ್ರಿ ಇದ್ದಾಗಲೇ, 1997ರಲ್ಲಿ, ಅವರ ಚನ್ನಗಿರಿ ತಾಲ್ಲೂಕು ದಾವಣಗೆರೆಗೆ ಹೋಯಿತು. ಅಲ್ಲಿನವರು ಈಗ ನಮ್ಮವರು ಅಂತ ಕಿತ್ತಾಡಿದರೆ ನಾನು ಮಧ್ಯೆ ಬರಲ್ಲ.

ಸಣ್ಣ ಮಕ್ಕಳು ಕೂತಿರುತ್ತಾರೆ ಅಂದರೆ ಶಿಕಾರಿಪುರ ತಾಲ್ಲೂಕಿನ ಈಸೂರನ್ನು ಬಿಡಬೇಡಿ. 1942ರಲ್ಲಿ, ಸ್ವಾತಂತ್ರ್ಯ ಹೋರಾಟದ ಹೊತ್ತಲ್ಲಿ, ಊರಿನವರು ನಮಗೆ ನಮ್ಮದೇ ಸರ್ಕಾರ ಅಂತ ಘೋಷಿಸಿ ಹುಡುಗರನ್ನೇ ಅಮಲ್ದಾರ (ಈಗಿನ ತಹಸೀಲ್ದಾರ), ಸಬ್ ಇನ್ಸ್‌ಪೆಕ್ಟರ್ ಮಾಡಿದರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅನ್ನೋದನ್ನು ಪುಟ್ಟಿ ಜೋರಾಗಿ ಹೇಳಲಿ, ಚಪ್ಪಾಳೆ ಬೀಳುತ್ತೆ. ಆಮೇಲೆ ದನಿ ತಗ್ಗಿಸಿ, ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ, ಈ ಐವರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಿದರು ಅನ್ನಲಿ. ಹೆಸರು ಬಾಯಿಪಾಠ ಮಾಡಿಸಿ, ಚೀಟಿ ನೋಡಿ ಓದೋದು ಬೇಡ.

ಕುವೆಂಪು ಬಗ್ಗೆ ಹೇಗೂ ಬೇರೆ ಮಕ್ಕಳು ಹೇಳೇ ಹೇಳುತ್ತಾರೆ, ಬಿಡಿ.

ಇನ್ನೊಂದು. ಚಾರ್ಟಿಗೆ ಕೆಳದಿ ಚೆನ್ನಮ್ಮ ಅಂತ ಬರೆದು ಅಂಟಿಸಿರೋದು ಕಿತ್ತೂರು ಚೆನ್ನಮ್ಮನ ಚಿತ್ರ! ನಮ್ಮ ಚೆನ್ನಮ್ಮ ಆಳಿದ್ದು ಹದಿನೇಳನೇ ಶತಮಾನದ ಕೊನೆಯ ಭಾಗದಲ್ಲಿ. ಔರಂಗಜೇಬನ ಸೈನ್ಯ ಬೆನ್ನು ಹತ್ತಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು. ಕಿತ್ತೂರಿನ ಯುದ್ಧ ನಡೆದದ್ದು 1824ರಲ್ಲಿ. ಮೇಷ್ಟ್ರು ನೋಡೋ ಮೊದಲು ಅದನ್ನು ಕಿತ್ತು ಬೇರೆ ಅಂಟಿಸಿ ಭಾವ.