ಸಹಾಯ ಬೇಕು: ಡಾಲ್ಫಿನ್ ನೋಡಲು ನಿಂತರೆ ಕಯಾಕ್ ಅಡ್ಡ ತಿರುಗುತ್ತೆ

ಕಾರವಾರದ ದೇವಬಾಗ್‌ನಿಂದ ಕೂರ್ಮಗಡ ದ್ವೀಪದ ಕಡೆ ಅತಿಥಿಗಳನ್ನ ಕರ್ಕೊಂಡು ಹೋಗೋ ಇಬ್ಬರ ಕಯಾಕ್, ಚುಕ್ಕಾಣಿ ಇದೆ. ಬೆಳಗ್ಗೆ ತೊಂದರೆಯಿಲ್ಲ. 11ರ ಮೇಲೆ ಪಡುಗಾಳಿ ಎದ್ದಾಗ, ಕಾಳಿ ನದಿ ಸಮುದ್ರ ಸೇರೋ ಅಳಿವೆ ಹತ್ತಿರ ಡಾಲ್ಫಿನ್ ಕಂಡು ಹುಟ್ಟು ಹಾಕೋದು ನಿಲ್ಲಿಸಿದ್ರೆ ದೋಣಿ ತೆರೆಗೆ ಅಡ್ಡ ಬೀಳುತ್ತೆ. ಅಷ್ಟರಲ್ಲಿ ಇಬ್ಬರೂ ಫೋನ್ ಹಿಡ್ಕೊಂಡು ಒಂದೇ ಕಡೆ ವಾಲ್ತಾರೆ (ಎಷ್ಟು ಹೇಳಿದ್ರೂ ಅಷ್ಟೇ!). ನಿಂತ ದೋಣಿಗೆ ಚುಕ್ಕಾಣಿ ಕೆಲಸ ಮಾಡಲ್ಲ, ಸರಿ. 10 ಲೀಟರ್ ನೀರಿನ ಕ್ಯಾನ್ ಹಿಂದಿನ ಖಾನೆಗೆ ಹಾಕಿ, ಭಾರದವರನ್ನ ಹಿಂದೆ ಕೂರಿಸಿ ನೋಡಾಯ್ತು. ಸಾಗುವಾಗ ನೇರ ಹೋಗುತ್ತೆ, ನಿಂತಾಗ ಮತ್ತದೇ. ಎರಡು ದೋಣಿ ಪಕ್ಕಪಕ್ಕ ಹಿಡಿದ್ರೆ ಅಲುಗಾಟ ಕಮ್ಮಿ, ಆದ್ರೆ ನಡುವೆ ಬೆರಳು ಸಿಕ್ಕಿಕೊಳ್ಳುತ್ತೆ.

ಮುಂತುದಿಯಿಂದ ಬಟ್ಟೆಯ ತೇಲುಲಂಗರು (ನೀರಲ್ಲಿ ಛತ್ರಿ ಥರ ಬಿಚ್ಚಿಕೊಂಡು ದೋಣಿ ಮೂತಿಯನ್ನ ತೆರೆಗೆ ಎದುರು ಹಿಡಿಯೋ ಚೀಲ) ಬಿಡೋಣ ಅಂದ್ರೆ, ಇಳಿತದ ಸೆಳೆತ ಅದನ್ನೇ ಎಳೆದು ದೋಣಿ ಸಮೇತ ಅಳಿವೆಯ ನೊರೆತೆರೆಗೆ ಒಯ್ದುಬಿಟ್ರೆ? ಇಳಿತದಲ್ಲಿ ಅದನ್ನ ಬಿಡಬಹುದಾ? ಬಿಡೋದಾದ್ರೆ ಬಾಯಿ ಎಷ್ಟು ಅಗಲ, ಹಗ್ಗ ಎಷ್ಟು ಉದ್ದ ಇರ್ಬೇಕು?